ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ

ನಿಲ್ಲುವುದು ನನ್ನ ಕೆಲಸ. ನಗಬೇಡಿ. ಮೂವತ್ತೊಂದು ವರ್ಷ ನಿಂತಿದ್ದೇನೆ.

ನಾಟಕಕ್ಕೆ ಬೆಳಕು ಹೊಂದಿಸುವಾಗ ರಂಗದ ಮೇಲೆ ಒಂದು ಆಳು ಬೇಕು. ರಾಜ ನಿಲ್ಲುವ ಜಾಗದಲ್ಲಿ ರಾಜನ ಬದಲು, ರಾಣಿ ಬೀಳುವ ಜಾಗದಲ್ಲಿ ರಾಣಿಯ ಬದಲು. ದೀಪ ಒಂದೊಂದಾಗಿ ತಿರುಗಿಸಿ, ಏರಿಸಿ, ಇಳಿಸಿ, ಮುಖದ ಮೇಲೆ ಸರಿಯಾಗಿ ಬಿತ್ತೇ ಎಂದು ನೋಡಬೇಕು. ಅದಕ್ಕೆ ಆರು ತಾಸು ಹಿಡಿಯುತ್ತದೆ, ಒಮ್ಮೊಮ್ಮೆ ಹತ್ತು. ನಟರಿಗೆ ಅಷ್ಟು ಪುರುಸೊತ್ತಿಲ್ಲ. ಅವರ ಕಾಲು ನೋಯಬಾರದು, ಗಂಟಲು ಒಣಗಬಾರದು. ಕಸ ಗುಡಿಸುವವಳ ಕಾಲು ನೋಯಬಹುದು. ಹಾಗಾಗಿ ಬೆಳಿಗ್ಗೆ ರಂಗ ಗುಡಿಸಿ, ಮಂಡಿಯೂರಿ ಒರೆಸಿ, ಆಮೇಲೆ ಅದೇ ಒದ್ದೆ ನೆಲದ ಮೇಲೆ ನಾನೇ ರಾಜ, ನಾನೇ ರಾಣಿ, ನಾನೇ ಮಂತ್ರಿ. ಒಂದು ಸಲ ಹೆಣವೂ ಆಗಿದ್ದೆ. ಅದೊಂದೇ ದಿನ ಮಲಗಲು ಬಿಟ್ಟರು.

ಮೊದಲ ದಿನ ಮೇಷ್ಟ್ರು ಹೇಳಿದ್ದು ಎರಡೇ ಮಾತು. "ನಟಿಸ್ಬೇಡ. ನಿಲ್ಲು."

ಮೇಷ್ಟ್ರು ಅಂದರೆ ನಮ್ಮ ರಂಗಮಂದಿರದ ಒಡೆಯರು ಎಂದೇ ಅನ್ನಿ. ನಾಟಕ ಆಡಿಸುವವರು ಅವರು, ದೊಡ್ಡ ಪಾತ್ರ ಮಾಡುವವರು ಅವರು, ಹಿಂದಿನ ಕಟ್ಟಡದ ನಾಟಕಶಾಲೆಯಲ್ಲಿ ಪಾಠ ಹೇಳುವವರು ಅವರು. ಆಮೇಲಾಮೇಲೆ ಕಲಾಮಂಡಳಿಯ ಅಧ್ಯಕ್ಷರೂ ಅವರೇ ಆದರು. ಯಾರಿಗೆ ಪ್ರಶಸ್ತಿ, ಯಾರಿಗೆ ಸೀಟು, ಯಾವ ನಾಟಕ ಯಾವ ಊರಿಗೆ, ಎಲ್ಲ ಅವರ ಬಾಯಿಂದಲೇ ಬರಬೇಕು. ಬಡವರ ಮೇಲೆ ಅವರಷ್ಟು ನಾಟಕ ಮಾಡಿದವರಿಲ್ಲ. ಕಸ ಗುಡಿಸುವವಳ ಕಥೆ ಆಡಿಸಿ ಊರನ್ನೇ ಅಳಿಸಿದ್ದಾರೆ. ಆ ನಾಟಕಕ್ಕೂ ಬೆಳಕಿಗೆ ನಿಂತವಳು ನಾನೇ. ಸಂಜೆ ಆ ಪಾತ್ರದಾಕೆ ಪೊರಕೆಯನ್ನು ಸತ್ತ ಹಾವು ಹಿಡಿದ ಹಾಗೆ ಹಿಡಿದು ಬಂದಳು. ನಾನು ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಮುಂದೆ ಕೂತವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಲ್ಲಿ ನನ್ನನ್ನು ಕರೆಯುವುದು ಗೊಂಬೆ ಎಂದು. ಆ ಹೆಸರಿಟ್ಟವನು ಲೈಟಣ್ಣ, ದೀಪದ ಕೆಲಸದವನು, ಏಣಿಯ ಮೇಲೆಯೇ ಮುದುಕನಾದವನು. "ಗೊಂಬೆ, ಎಡಕ್ಕೆ. ಗೊಂಬೆ, ತಲೆ ಎತ್ತು." ಅವನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಬೆಳಕು ಹುಡುಕುವುದನ್ನು ಕಲಿಸಿದವನು ಅವನೇ. ಕಣ್ಣಿನಿಂದ ಹುಡುಕಿದರೆ ಕಣ್ಣು ಕತ್ತಲೆಗಟ್ಟುತ್ತದೆ. ಹಣೆಯಿಂದ ಹುಡುಕಬೇಕು. ಹಣೆಗೆ ಬಿಸಿ ತಾಗಿತೋ, ಅದೇ ಜಾಗ. ನಟರಿಗೆ ಇದು ಬರುವುದಿಲ್ಲ. ಜಾಗ ಗೊತ್ತಾದ ಮೇಲೆ ನಾನು ನೆಲಕ್ಕೆ ಬಿಳಿ ಪಟ್ಟಿ ಅಂಟಿಸುತ್ತೇನೆ, ಅವರು ಅದನ್ನು ನೋಡಿ ನಿಲ್ಲುತ್ತಾರೆ.

ಇಪ್ಪತ್ತಾರು ವರ್ಷದ ಹಿಂದೆ ಮೇಷ್ಟ್ರು ಒಂದು ರಾಣಿಯ ನಾಟಕ ಮಾಡಿದರು. ಕೋಟೆ ಬೀಳುತ್ತದೆ, ಎಲ್ಲರೂ ಓಡಿಹೋಗುತ್ತಾರೆ, ಕೊನೆಗೆ ರಾಣಿ ಒಬ್ಬಳೇ ಖಾಲಿ ರಂಗದಲ್ಲಿ ಒಂದು ದೀಪದ ಕೆಳಗೆ ನಿಲ್ಲುತ್ತಾಳೆ. ಮಾತಿಲ್ಲ. ಆ ಪಾತ್ರ ಮಾಡಿದಾಕೆಯನ್ನು ಇವತ್ತಿಗೂ ಎಲ್ಲರೂ ರಾಣಿಯಮ್ಮ ಎನ್ನುತ್ತಾರೆ. ಬೆಳಕು ಹೊಂದಿಸುವ ದಿನ ಆಕೆ ಬರಲಿಲ್ಲ. ಯಾವತ್ತೂ ಬರುತ್ತಿರಲಿಲ್ಲ ಬಿಡಿ. ಕೆಂಪು ಬಣ್ಣಕ್ಕೆ ಬೆಳಕು ಹೇಗೆ ಕೂರುತ್ತದೆ ನೋಡೋಣ ಎಂದು ನನ್ನ ಬಟ್ಟೆಯ ಮೇಲೆಯೇ ರಾಣಿಯ ನಿಲುವಂಗಿ ತೊಡಿಸಿದರು. ನಾನು ಆಗಷ್ಟೇ ನೆಲ ಒರೆಸಿ ಎದ್ದಿದ್ದೆ. ಒರೆಸಿದ ಬಟ್ಟೆಯನ್ನು ಹಿಂಡಿ, ಮೂರು ಮಡಿಕೆ ಮಾಡಿ, ಎಡಸೊಂಟಕ್ಕೆ ಸಿಕ್ಕಿಸುವುದು ನನ್ನ ರೂಢಿ. ನನ್ನಮ್ಮನೂ ಹಾಗೇ ಸಿಕ್ಕಿಸುತ್ತಿದ್ದಳು. ಆ ಹೊತ್ತಿಗೆ ಅದನ್ನು ಎಲ್ಲಿ ಇಡಲಿ? ರಂಗದ ಮೇಲೆ ಇಟ್ಟರೆ ಬೈಗುಳ. ನಿಲುವಂಗಿಯ ಸೊಂಟಪಟ್ಟಿಗೇ ಸಿಕ್ಕಿಸಿಕೊಂಡು ನಿಂತೆ.

ಆಗ ಪತ್ರಿಕೆಯ ಫೋಟೋದವನು ಬಂದ. ಮರುದಿನದ ಪತ್ರಿಕೆಗೆ ಚಿತ್ರ ಬೇಕಿತ್ತು.

"ರಾಣಿ ಎಲ್ಲಿ ಸಾರ್?"

"ಇವಳನ್ನೇ ಹೊಡ್ಕೊಳ್ಳಪ್ಪಾ," ಅಂದರು ಮೇಷ್ಟ್ರು. "ಅರ್ಧ ಮುಖ ನೆರಳಲ್ಲಿದೆ. ಯಾರಿಗೆ ಗೊತ್ತಾಗುತ್ತೆ?"

"ನಾನೇನಾದ್ರೂ ಮಾಡ್ಬೇಕಾ ಮೇಷ್ಟ್ರೇ?"

"ಏನೂ ಮಾಡ್ಬೇಡ. ನಿಲ್ಲು."

ನಿಂತೆ. ಬೆಳಿಗ್ಗೆ ಎಂಟರಿಂದ ನಿಂತಿದ್ದೆ. ಮೂರು ವರ್ಷದ ಮಗಳನ್ನು ಜ್ವರದಲ್ಲೇ ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆ. ಔಷಧಿ ಕುಡಿಸಿದರೋ ಇಲ್ಲವೋ, ಮೈ ತಣ್ಣಗಾಯಿತೋ ಇಲ್ಲವೋ, ತಲೆಯಲ್ಲಿ ಅದೊಂದೇ. ಫೋಟೋದಲ್ಲಿ ನನ್ನ ಮುಖದ ಮೇಲೆ ಇರುವುದು ಅದು. ಪತ್ರಿಕೆಯಲ್ಲಿ ಬರೆದರು, ಸಾಮ್ರಾಜ್ಯ ಕಳೆದುಕೊಂಡವಳ ಕಣ್ಣು ಎಂದು. ಕೆಳಗೆ ರಾಣಿಯಮ್ಮನ ಹೆಸರು.

ಆ ನಿಲುವಂಗಿ ನಾನು ಹಾಕಿದ್ದೆ ಎಂದು ತಿಳಿದು ರಾಣಿಯಮ್ಮ ಅದನ್ನು ಎರಡು ಸಲ ತೊಳೆಸಿದ ಮೇಲೆ ತೊಟ್ಟಳು. ತೊಳೆದವಳು ಯಾರು? ನಾನೇ.

ಚಿತ್ರ ಎಲ್ಲೆಲ್ಲೋ ಹೋಯಿತು. ಗೋಡೆಗೆ ಅಂಟಿತು, ಪುಸ್ತಕದ ಮುಖಪುಟವಾಯಿತು, ದೊಡ್ಡದಾಗಿ ರಂಗಮಂದಿರದಲ್ಲಿ ಜನ ಒಳಬರುವ ಮುಂಗೋಣೆಯಲ್ಲಿ ನೇತುಬಿತ್ತು. ಜನ ಕೇಳಲು ಶುರು ಮಾಡಿದರು. ಮೇಷ್ಟ್ರೇ, ರಾಣಿಯ ಸೊಂಟದಲ್ಲಿ ಆ ಹರಕು ಬಟ್ಟೆ ಏನು? ಹೌದಲ್ಲ, ಏನು? ನೆಲ ಒರೆಸುವುದು ಅನ್ನಬಹುದಿತ್ತು. ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಮೇಷ್ಟ್ರು ಗಡ್ಡ ಸವರಿದರು.

ಒಂದು ದಿನ ನಾಟಕಶಾಲೆಯ ತರಗತಿಯಲ್ಲಿ ಹಿಂದಿನ ಬೆಂಚುಗಳ ಅಡಿ ಗುಡಿಸುತ್ತಿದ್ದೆ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ನನ್ನ ಚಿತ್ರ ಬಿಟ್ಟಿದ್ದರು, ಆಳೆತ್ತರ. ಮೇಷ್ಟ್ರು ಕೋಲಿನಿಂದ ನನ್ನ ಸೊಂಟ ತೋರಿಸುತ್ತಿದ್ದರು.

"ಈ ಬಟ್ಟೆಯನ್ನ ಯಾಕೆ ಇಟ್ಟೆ ನಾನು? ಮೂರು ತಿಂಗಳು ಯೋಚನೆ ಮಾಡಿದೀನಿ. ಇದು ಅವಳ ರಾಜ್ಯದ ಕೊನೆಯ ಬಾವುಟ. ಮಡಚಿಟ್ಟ ಬಾವುಟ. ಮೂರು ಮಡಿಕೆ ನೋಡಿ. ಹೋದದ್ದು, ಇರೋದು, ಬರೋದು."

ಮಕ್ಕಳು ಬರೆದುಕೊಂಡರು. ನಾನು ಬೆಂಚಿನ ಅಡಿಯಲ್ಲಿ ಕಸ ಒಟ್ಟು ಮಾಡುತ್ತಾ ನನ್ನ ಸೊಂಟ ಮುಟ್ಟಿ ನೋಡಿಕೊಂಡೆ. ಮೂರು ಮಡಿಕೆ. ಎರಡೇ ಮಡಚಿದರೆ ಜಾರಿ ಬೀಳುತ್ತದೆ, ನಾಲ್ಕು ಮಡಚಿದರೆ ಗಂಟು ಒತ್ತುತ್ತದೆ, ಅಷ್ಟೇ ಕಣ್ರಪ್ಪಾ! ಹೇಳಬೇಕೆನಿಸಿತು. ಹೇಳಿದರೆ ನಾಳೆ ಪೊರಕೆ ಇನ್ನೊಬ್ಬಳ ಕೈಗೆ. ಅಂದಿನಿಂದ ಯಾವ ಊರಿನಲ್ಲಿ ಆ ನಾಟಕ ಆಡಿದರೂ ರಾಣಿ ಎಡಸೊಂಟಕ್ಕೆ ಬಟ್ಟೆ ಸಿಕ್ಕಿಸಿಯೇ ಬರುತ್ತಾಳಂತೆ. ಪರೀಕ್ಷೆಯಲ್ಲಿ ಅದಕ್ಕೆ ಹತ್ತು ಅಂಕದ ಪ್ರಶ್ನೆಯೂ ಇದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಮಗಳ ವಿಷಯ ಹೇಳಬೇಕು. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ.

ಅವಳಿಗೆ ಆಗ ಎಂಟು. ಶಾಲೆಯವರು ಮಕ್ಕಳ ನಾಟಕ ತೋರಿಸಲು ಎಲ್ಲರನ್ನೂ ಸಾಲಾಗಿ ಕರೆತಂದರು. ಮುಂಗೋಣೆಯಲ್ಲಿ ಆ ಚಿತ್ರ ಕಂಡದ್ದೇ ತಡ, ನನ್ನ ಮಗಳು ಸಾಲು ಬಿಟ್ಟು ಓಡಿ ಕೂಗಿದಳಂತೆ. "ನಮ್ಮಮ್ಮ! ಟೀಚರ್, ಇದು ನಮ್ಮಮ್ಮ! ಸೊಂಟ ನೋಡಿ, ನಮ್ಮಮ್ಮ ಹಂಗೇ ಸಿಕ್ಕಿಸ್ಕೊಳ್ಳೋದು!" ಇಪ್ಪತ್ತಾರು ವರ್ಷದಲ್ಲಿ ಆ ಚಿತ್ರವನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ. ಮಕ್ಕಳೆಲ್ಲ ಹೋ ಎಂದು ನಕ್ಕರು. ನಾನು ಬಕೆಟ್ ಹಿಡಿದು ಒಳಗಿಂದ ಬಂದೆ.

"ಏನಮ್ಮಾ, ಇದು ನೀನಾ?" ಅಂದರು ಟೀಚರ್.

ಮೇಷ್ಟ್ರು ಅಲ್ಲೇ ನಿಂತಿದ್ದರು. ನನ್ನ ಮಗಳ ತಲೆಯ ಮೇಲೆ ಕೈ ಇಟ್ಟಿದ್ದರು. ನನ್ನನ್ನೇ ನೋಡಿದರು, ಬರೀ ನೋಡಿದರು.

"ಅಲ್ಲ ಟೀಚರ್," ಅಂದೆ. "ಈ ಹುಡುಗಿಗೆ ಸುಳ್ಳು ಹೇಳೋ ಚಾಳಿ."

ಮಗಳು ನನ್ನ ಮುಖ ನೋಡಿದಳು. ಅಳಲಿಲ್ಲ. ಟೀಚರ್ ಕಿವಿ ಹಿಂಡಿ ಸಾಲಿಗೆ ಸೇರಿಸಿದರು. ಶಾಲೆ ಬಿಡುವವರೆಗೂ ಅವಳನ್ನು ಸುಳ್ಳುಬುರುಕಿ ಎಂದೇ ಕರೆದರು. ಮನೆಯಲ್ಲಿ ನಾನೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹತ್ತನೇ ತರಗತಿಗೆ ಓದು ಬಿಟ್ಟು ಬಟ್ಟೆ ಕಾರ್ಖಾನೆಯ ಹೊಲಿಗೆಗೆ ಸೇರಿದಳು. ರಂಗಮಂದಿರದ ಬೀದಿಗೆ ಅವಳು ಮತ್ತೆ ಕಾಲಿಡಲಿಲ್ಲ.

ಈ ವರ್ಷ ಮೇಷ್ಟ್ರ ರಂಗಜೀವನಕ್ಕೆ ಐವತ್ತು ತುಂಬಿತು. ಸನ್ಮಾನ, ಪುಸ್ತಕ, ಮುಂಗೋಣೆಗೆ ಹೊಸ ಬಣ್ಣ. ಹಳೆಯ ಚಿತ್ರಗಳಿಗೆಲ್ಲ ಹೊಸ ಕಟ್ಟು, ಕೆಳಗೆ ಹಿತ್ತಾಳೆ ಫಲಕ. ಫಲಕಗಳನ್ನು ಹುಣಸೆಹುಳಿ ಹಾಕಿ ಉಜ್ಜಿದವಳು ನಾನು. ನನ್ನ ಚಿತ್ರದ ಕೆಳಗಿನ ಫಲಕ ಉಜ್ಜುವಾಗ ರಾಣಿಯಮ್ಮನ ಹೆಸರು ಥಳಥಳ ಅಂದಿತು. ಕೈ ನಿಂತಿತು. ಸೀದಾ ಮೇಷ್ಟ್ರ ಕೋಣೆಗೆ ಹೋದೆ.

"ಆ ಫೋಟೋ ಕೆಳಗೆ ಒಂದು ಸಾಲು ಸೇರಿಸಿ ಮೇಷ್ಟ್ರೇ. ನಿಂತವಳು ಇವಳು ಅಂತ. ಬೇರೇನೂ ಬೇಡ."

ಮೇಷ್ಟ್ರು ಕನ್ನಡಕ ತೆಗೆದು ಪ್ರೀತಿಯಿಂದಲೇ ನಕ್ಕರು. "ನೋಡು ಗೊಂಬೆ, ಅದು ನೀನೂ ಅಲ್ಲ, ಅವಳೂ ಅಲ್ಲ. ಅದು ಪಾತ್ರ."

"ಹಂಗಾದ್ರೆ ಅವ್ರ ಹೆಸರೂ ತೆಗೆಸಿ."

ನಗು ಹೋಯಿತು. "ಯಾರು ಹೇಳ್ಕೊಟ್ರು ನಿನಗೆ ಇದೆಲ್ಲ?"

"ಯಾರು ಹೇಳ್ಕೊಡ್ಬೇಕು? ನಿಂತಿದ್ದು ನಾನೇ ಅಲ್ವಾ."

"ಇಪ್ಪತ್ತೈದು ವರ್ಷ ಪಾಠ ಮಾಡಿದೀನಿ ಅದರ ಮೇಲೆ. ಪುಸ್ತಕದಲ್ಲಿದೆ. ಈಗ ಅದು ನೆಲ ಒರೆಸೋ ಬಟ್ಟೆ ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ನನ್ನ ಮಗಳ ಮರ್ಯಾದೆ ಹೋಯ್ತಲ್ಲ ಮೇಷ್ಟ್ರೇ, ಅವತ್ತು ನಿಮ್ಮ ಮುಂದೇನೆ. ನಿಮ್ಮ ಕೈ ಅವಳ ತಲೆ ಮೇಲಿತ್ತು."

"ಯಾವ ಮಗಳು?" ಅಂದರು.

ನೆನಪೇ ಇಲ್ಲ. ನಾಟಕವಾಡಲಿಲ್ಲ, ನಿಜವಾಗಿ ನೆನಪಿರಲಿಲ್ಲ. ನನ್ನ ಹೊಟ್ಟೆಯೊಳಗೆ ಇಪ್ಪತ್ತೊಂದು ವರ್ಷ ಕೊಳೆತದ್ದು ಅವರಿಗೆ ಒಂದು ದಿನದ ಮಟ್ಟಿಗೂ ಭಾರವಾಗಿರಲಿಲ್ಲ.

"ಸುಮ್ನೆ ಕೆಲಸ ನೋಡ್ಕೊ. ಈ ವಯಸ್ಸಲ್ಲಿ ಯಾಕೆ ಇಲ್ಲದ ರಗಳೆ," ಅಂದು ಕನ್ನಡಕ ಹಾಕಿಕೊಂಡರು.

ಸನ್ಮಾನದ ದಿನ ಬೆಳಿಗ್ಗೆ ಬೆಳಕು ಹೊಂದಿಸಬೇಕಿತ್ತು. ರಾಣಿಯ ನಾಟಕದ ಕೊನೆಯ ದೃಶ್ಯವನ್ನು ಸಂಜೆ ಮೇಷ್ಟ್ರೇ ಆಡುವುದೆಂದು ಗೊತ್ತಾಯಿತು. ನಿಲುವಂಗಿ ತೊಟ್ಟು ಅವರೇ ನಿಲ್ಲುತ್ತಾರಂತೆ. ಕಲೆಗೆ ಗಂಡು ಹೆಣ್ಣು ಇಲ್ಲವಂತೆ. ಹೆಸರು ಹೋಗಿತ್ತು, ಬಟ್ಟೆ ಹೋಗಿತ್ತು. ಇನ್ನು ಉಳಿದದ್ದು ನಿಲ್ಲುವುದೊಂದು. ಅದಕ್ಕೂ ಕೈ ಹಾಕಿದರು.

ನಾನು ರಂಗ ಒರೆಸಿ, ಬಟ್ಟೆ ಹಿಂಡಿ, ಸೊಂಟಕ್ಕೆ ಸಿಕ್ಕಿಸಿ ಎದ್ದೆ. ನಾಟಕಶಾಲೆಯ ಒಬ್ಬಳು ಹುಡುಗಿ ಹೊಸ ನಿಲುವಂಗಿ ತಂದಳು. ಅದರ ಎಡಸೊಂಟದಲ್ಲಿ ಒಂದು ಬಟ್ಟೆ ಇತ್ತು. ರೇಷ್ಮೆ. ಮೂರು ಮಡಿಕೆ ಮಾಡಿ, ಬಿಚ್ಚದ ಹಾಗೆ ಸೂಜಿಯಿಂದ ಹೊಲಿದಿದ್ದರು. ಹರಿದ ಹಾಗೆ ಕಾಣಲೆಂದು ಅಂಚನ್ನು ಕತ್ತರಿಯಿಂದ ಕತ್ತರಿಸಿದ್ದರು.

"ಇದು ತುಂಬಾ ಮುಖ್ಯ ಆಂಟಿ," ಅಂದಳು ಹುಡುಗಿ. "ನಿಮ್ಮ ಆ ಗಲೀಜು ಬಟ್ಟೆ ತೆಗೆದಿಟ್ಬಿಡಿ. ಇದಕ್ಕೆ ತಾಗಿದ್ರೆ ಕಲೆ ಆಗುತ್ತೆ."

ಅವಳದ್ದೇನು ತಪ್ಪು, ಪಾಪ. ಅವಳಿಗೆ ಕಲಿಸಿದ್ದು ಅಷ್ಟೇ. ಆದರೆ ನನ್ನ ಮೈಯೆಲ್ಲ ಉರಿದುಹೋಯಿತು. ನಿಲುವಂಗಿಯನ್ನು ಅವಳ ಕೈಗೇ ಕೊಟ್ಟೆ.

"ಗೊಂಬೆ, ಬಾ ಮಧ್ಯಕ್ಕೆ," ಅಂತ ಏಣಿಯ ಮೇಲಿಂದ ಲೈಟಣ್ಣ ಕೂಗಿದ.

ನಾನು ಮಧ್ಯಕ್ಕೆ ಹೋಗಲಿಲ್ಲ. ರಂಗದ ಮೆಟ್ಟಿಲಿಳಿದೆ. ಪ್ರೇಕ್ಷಕರ ಸಾಲುಗಳ ನಡುವೆ ಮೇಷ್ಟ್ರು ಮೈಕ್ ಹಿಡಿದು ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಆ ಕುರ್ಚಿಗಳನ್ನು ಮೂವತ್ತೊಂದು ವರ್ಷ ಒರೆಸಿದ್ದೇನೆ, ಒಂದು ದಿನವೂ ಕೂತಿರಲಿಲ್ಲ. ಎಷ್ಟು ಮೆತ್ತಗಿದ್ದವು!

"ಏನಿದು?" ಅಂದರು ಮೇಷ್ಟ್ರು.

"ನಾನು ನಿಲ್ಲಲ್ಲ."

"ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನಿಲ್ಲಲ್ಲ. ನಿಮ್ಮ ಬೆಳಕಿಗೆ ನೀವೇ ನಿಂತ್ಕೊಳ್ಳಿ. ನಾನು ಇಲ್ಲಿ ಕೂತು ನೋಡ್ತೀನಿ."

"ಎದ್ದೇಳು ಅಂದೆ!"

ಅವರ ಧ್ವನಿ ಮೈಕಿನಲ್ಲಿ ಹೋಗಿ ಇಡೀ ಮಂದಿರ ಗಡಗಡ ಅಂದಿತು. ಬಣ್ಣದವರು, ಬಡಗಿ, ಹುಡುಗಿಯರು, ಎಲ್ಲರೂ ಕೆಲಸ ಬಿಟ್ಟು ನೋಡಿದರು. ನಾನು ಏಳಲಿಲ್ಲ.

"ಹೊತ್ತಾಗ್ತಿದೆ ಮೇಷ್ಟ್ರೇ," ಅಂದ ಲೈಟಣ್ಣ ಮೇಲಿನಿಂದ. "ಯಾರಾದ್ರೂ ಬನ್ನಿ."

ಮೇಷ್ಟ್ರು ಸಿಟ್ಟಿನಲ್ಲೇ ರಂಗ ಹತ್ತಿದರು. ದೀಪ ಹತ್ತಿತು. ಅವರು ಕಣ್ಣಿನಿಂದ ಹುಡುಕಿದರು. ಕಣ್ಣು ಕತ್ತಲೆಗಟ್ಟಿತು. "ಎಡಕ್ಕೆ ಮೇಷ್ಟ್ರೇ. ಅಲ್ಲ, ಅಷ್ಟು ಬೇಡ. ಹಿಂದೆ. ಒಂದು ಚೂರು ಮುಂದೆ." ಹತ್ತು ನಿಮಿಷಕ್ಕೆ ಅವರ ಸೊಂಟ ಹಿಡಿಯಿತು. ಒಂದು ಕೈ ಬೆನ್ನಿಗೆ ಹೋಯಿತು, ಒಂದು ಕೈ ಕಣ್ಣಿಗೆ ಅಡ್ಡ ಬಂತು. ಕೈ ಆಡಿಸಿದರು, ಕತ್ತು ಎತ್ತಿದರು, ಗಾಳಿಗೆ ಏನೋ ಮುದ್ರೆ ಮಾಡಿದರು.

ನಾನು ಕುರ್ಚಿಯಿಂದಲೇ ಕೂಗಿದೆ. "ನಟಿಸ್ಬೇಡಿ ಮೇಷ್ಟ್ರೇ. ನಿಲ್ಲಿ."

ಯಾರೋ ಕಿಸಕ್ಕೆಂದರು. ಬಡಗಿ ಇರಬೇಕು. ಮೇಷ್ಟ್ರು ಬೆಳಕಿನೊಳಗಿಂದ ನನ್ನತ್ತ ನೋಡಿದರು, ಅವರಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅವರು ಪೂರ್ತಿ ಕಾಣುತ್ತಿದ್ದರು.

"ಹೊರಗೆ ಹಾಕಿ ಅವಳನ್ನ. ನಾಳೆಯಿಂದ ಬರ್ಬೇಡ!"

"ನಾಳೆ ಯಾಕೆ? ಈಗಲೇ ಹೊರಟೆ," ಅಂದೆ.

ಯಾರೂ ಹೊರಗೆ ಹಾಕಬೇಕಾಗಲಿಲ್ಲ. ಮುಂಬಾಗಿಲಿನಿಂದಲೇ ಹೋದೆ. ಕಾರ್ಖಾನೆ ದೂರವಿತ್ತು, ನಡೆದೇ ಹೋದೆ. ಐದು ಗಂಟೆಗೆ ಗೇಟು ತೆರೆಯುವವರೆಗೂ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಸುಮ್ಮನೆ ಕೂರುವುದು ಗೊತ್ತಿಲ್ಲದ ಮೈ, ಎರಡು ಸಲ ಎದ್ದು ಆ ಕಟ್ಟೆಯನ್ನೇ ಒರೆಸಿದೆ.

ಮಗಳು ತಲೆಗೂದಲಲ್ಲಿ ದಾರದ ಎಳೆ ಅಂಟಿಸಿಕೊಂಡು ಬಂದಳು. ನನ್ನನ್ನು ಕಂಡು ಗಾಬರಿಯಾದಳು. "ಏನಮ್ಮಾ? ಯಾರಿಗೆ ಏನಾಯ್ತು?"

"ಆ ಫೋಟೋದಲ್ಲಿರೋದು ನಾನೇ ಕಣೇ."

ಯಾವ ಫೋಟೋ ಎಂದು ಅವಳು ಕೇಳಲಿಲ್ಲ.

"ಗೊತ್ತು," ಅಂದಳು.

"ಗೊತ್ತಾ? ಯಾವಾಗಿಂದ?"

"ನನ್ನ ಕಣ್ಣು ಕುರುಡಾಗಿತ್ತಾ ಅಮ್ಮ? ಅವತ್ತಿಂದಲೇ ಗೊತ್ತು. ನಾನು ನಿಜ ಹೇಳ್ದೆ, ನೀನು ಸುಳ್ಳು ಹೇಳ್ದೆ. ಎಂಟು ವರ್ಷದವಳಿಗೆ ಅಷ್ಟು ಗೊತ್ತಾಗಲ್ವಾ?"

ಜೊತೆಯ ಹೆಂಗಸರು ಮುಂದೆ ಹೋದರು. ಅವಳು ಗೇಟಿನ ಪಕ್ಕದ ನಲ್ಲಿಗೆ ಹೋಗಿ ಬೊಗಸೆ ಹಿಡಿದು ನೀರು ಕುಡಿದಳು, ಮುಖ ತೊಳೆದಳು. ವಾಪಸು ಬಂದು ನನ್ನೆದುರು ನಿಂತಳು.

"ಅಲ್ಲ ಅಂದೆ, ಹೋಗಲಿ. ಕೆಲಸ ಹೋಗುತ್ತೆ ಅಂತ ಭಯ ಇತ್ತು, ಅದೂ ಗೊತ್ತು ನನಗೆ. ಸುಳ್ಳು ಹೇಳೋ ಚಾಳಿ ಅಂದ್ಯಲ್ಲ, ಅದನ್ಯಾಕಮ್ಮ ಸೇರಿಸ್ದೆ?"

ಮೇಷ್ಟ್ರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನ್ನ ಆ ಒಂದು ಮಾತಿನ ಮೇಲೂ ಇದೆ. ಆ ಮಾತು ಅವರು ಹೇಳಿಸಿದ್ದಲ್ಲ.

"ನಡಿ," ಅಂದಳು ಮಗಳು.

"ಎಲ್ಲಿಗೆ?"

"ಅಲ್ಲಿಗೆ."

ಮುಂಗೋಣೆ ತುಂಬ ಜನ. ಒಳ್ಳೊಳ್ಳೆ ಬಟ್ಟೆ, ಅತ್ತರಿನ ವಾಸನೆ. ನಾನು ಬೆಳಗಿನ ಬಟ್ಟೆಯಲ್ಲೇ ಇದ್ದೆ. ಆ ಚಿತ್ರದ ಮುಂದೆ ರಾಣಿಯಮ್ಮ ನಿಂತಿದ್ದಳು, ತಲೆ ನೆರೆತಿತ್ತು, ಜನ ಒಬ್ಬೊಬ್ಬರಾಗಿ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಗಳು ಸಾಲಿನಲ್ಲಿ ನಿಂತಳು. ನನ್ನ ಕೈ ಬಿಡಲಿಲ್ಲ. ನಮ್ಮ ಸರದಿ ಬಂದಾಗ ಅವಳು ರಾಣಿಯಮ್ಮನ ಪಕ್ಕ ನಿಲ್ಲಲಿಲ್ಲ. ಚಿತ್ರಕ್ಕೆ ಬೆರಳು ತೋರಿಸಿ, ಎಂಟು ವರ್ಷದವಳು ಕೂಗಿದ ಹಾಗೇ ಕೂಗಿದಳು.

"ಇದು ನಮ್ಮಮ್ಮ!"

ಜನ ತಿರುಗಿದರು. ಒಬ್ಬರು ನಕ್ಕರು. ಹಿಂದಿನಿಂದ ಯಾರೋ, "ಯಾರ್ರೀ ಇವಳು, ತಲೆ ಕೆಟ್ಟಿದ್ಯಾ?" ಅಂದರು. ಕಾವಲಿನವನು ಬಂದ, ನನ್ನ ಗುರುತು ಹತ್ತಿ ಅಲ್ಲೇ ನಿಂತ. ಮಗಳು ನನ್ನ ಮುಖ ನೋಡಿದಳು. ಅವತ್ತು ನೋಡಿದ ಹಾಗೇ.

"ಹೌದು," ಅಂದೆ. "ನಾನೇ. ನನ್ನ ಮಗಳು ಸುಳ್ಳು ಹೇಳೋಳಲ್ಲ."

ರಾಣಿಯಮ್ಮನ ಕಣ್ಣು ನನ್ನ ಎಡಸೊಂಟಕ್ಕೆ ಹೋಯಿತು. ಬೆಳಿಗ್ಗೆ ಸಿಕ್ಕಿಸಿದ ಬಟ್ಟೆ ಅಲ್ಲೇ ಇತ್ತು, ಒಣಗಿ ಸೆಟೆದು, ಮೂರು ಮಡಿಕೆ. ತೆಗೆಯುವುದನ್ನೇ ಮರೆತಿದ್ದೆ. ಆಕೆ ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಫಲಕದ ಮೇಲಿನ ತನ್ನ ಹೆಸರು ನೋಡಿದಳು. ತುಟಿ ಅಲ್ಲಾಡಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಯಾರೋ ತೋಳು ಹಿಡಿದು ಅವಳನ್ನು ಒಳಗೆ ಕರೆದೊಯ್ದರು. ಎಲ್ಲರೂ ಹೋದರು. ಬಾಗಿಲು ಮುಚ್ಚಿತು.

ಒಳಗಿನ ದೃಶ್ಯ ನನಗೆ ಹೊರಗಿನಿಂದಲೇ ಗೊತ್ತಾಯಿತು. ಬೆಳಿಗ್ಗೆ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದವರಿಲ್ಲ. ಅದೊಂದು ಕೆಲಸ ಎಂದು ಅಲ್ಲಿ ಯಾರಿಗೆ ಗೊತ್ತಿತ್ತು? ಬಾಗಿಲ ಸಂದಿಯಲ್ಲಿ ನೋಡಿದೆ. ರಂಗದ ಮಧ್ಯೆ ದೀಪ ಬರೀ ನೆಲದ ಮೇಲೆ ಬಿದ್ದಿತ್ತು. ಮೇಷ್ಟ್ರು ಒಂದು ಹೆಜ್ಜೆ ಆಚೆ ಕತ್ತಲಲ್ಲಿ, ರೇಷ್ಮೆ ಸಿಕ್ಕಿಸಿಕೊಂಡು ನಿಂತಿದ್ದರು. ಜನ ಉಸಿರು ಬಿಗಿಹಿಡಿದು ಕೂತು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಖಾಲಿ ಬೆಳಕಿಗೂ ಏನೋ ಅರ್ಥ ಹುಟ್ಟಿತ್ತು. ನಾಳೆ ಅದರ ಮೇಲೂ ಪಾಠ ಮಾಡುತ್ತಾರೆ.

ಮಗಳು ಚಿತ್ರದ ಮುಂದೆಯೇ ನಿಂತಿದ್ದಳು.

"ಅಮ್ಮ, ಇನ್ನೊಂದ್ಸಲ ಹೇಳು," ಅಂದಳು.

"ನಾನೇ ಕಣೇ."

"ಇನ್ನೊಂದ್ಸಲ."